ತಾರೀಖು ಮುಂದಿನದು, ಸಹಿ ಇವತ್ತಿನದು

ಜುಲೈ ಬೆಳಗ್ಗೆ ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಮುಗಿದು ಲೆಕ್ಕಕ್ಕೆ ಕೂತಾಗ ಮಂಡಿಯಲ್ಲಿ ಕಿವಿಗೆ ಬೀಳುವ ಮಾತು: ‘ಚೆಕ್ ಪೋಸ್ಟ್‌ಡೇಟ್ ಮಾಡಿ ಕೊಡ್ತೀನಿ, ಇಟ್ಕೊಳಿ.’ 15 ಕೆ.ಜಿ.ಯ 150 ಬಾಕ್ಸ್, ಬಾಕ್ಸಿಗೆ 300ರಂತೆ 45,000 ರೂಪಾಯಿ ಅನ್ನಿ. ಚೆಕ್ ಬರೆದದ್ದು ಜುಲೈ 10ಕ್ಕೆ, ಮೂಲೆಯ ಎಂಟು ಚೌಕದಲ್ಲಿ ಬಿದ್ದದ್ದು ಆಗಸ್ಟ್ 10.

‘ಪೋಸ್ಟ್‌ಡೇಟ್’ ಎಂಬ ಈ ಇಂಗ್ಲಿಷ್ ಕ್ರಿಯಾಪದವನ್ನು ‘ಮುಂದೂಡು’ ಎಂದು ಕನ್ನಡಿಸುವವರಿದ್ದಾರೆ. ಮುಂದೂಡಿದರೆ ಕೆಲಸವೇ ಆಮೇಲೆ ಆಗುತ್ತದೆ. ಪೋಸ್ಟ್‌ಡೇಟ್ ಮಾಡಿದಾಗ ಕೆಲಸ ಇವತ್ತೇ ಮುಗಿದಿರುತ್ತದೆ, ಸಹಿಯೂ ಬಿದ್ದಿರುತ್ತದೆ. ತಾರೀಖು ಮಾತ್ರ ಮುಂದಿನದು. ‘ಮುಂದಿನ ತಾರೀಖು ಹಾಕು’ ಅಂದರೆ ಸಾಕು, ಯಾರಿಗೂ ಅನುಮಾನ ಉಳಿಯದು.

ಎಡವಟ್ಟಾಗುವುದು ಅವಸರದಲ್ಲಿ. ಜುಲೈ 20ಕ್ಕೇ ಬ್ಯಾಂಕಿಗೆ ಹಾಕಿದರೆ ‘ಪೋಸ್ಟ್‌ಡೇಟೆಡ್’ ಎಂಬ ಚೀಟಿಯೊಡನೆ ವಾಪಸ್ಸು. ಆ ವಾಪಸ್ಸಿನ ಮೇಲೆ ಚೆಕ್ ಬೌನ್ಸ್ ಕೇಸು ನಿಲ್ಲದು. ಬರೆದ ತಾರೀಖು ಬರುವ ತನಕ ಕಾನೂನಿನ ಕಣ್ಣಿಗೆ ಅದು ಚೆಕ್ಕೇ ಅಲ್ಲ, ‘ಇಂಥ ದಿನ ಇಷ್ಟು ಹಣ ಕೊಡು’ ಎನ್ನುವ ಹುಂಡಿಯಂಥ ಪತ್ರ. ಆಗಸ್ಟ್ 10ರ ಮೇಲೆ ಮತ್ತೆ ಹಾಕಬಹುದು. ಚೆಕ್ ಚಾಲ್ತಿಯಲ್ಲಿರುವ ಮೂರು ತಿಂಗಳ ಅವಧಿಯನ್ನೂ ಚೆಕ್ಕಿನ ಮೇಲಿರುವ ತಾರೀಖಿನಿಂದಲೇ ಎಣಿಸಬೇಕು, ಕೈಗೆ ಬಂದ ದಿನದಿಂದಲ್ಲ. (2012ರ ಏಪ್ರಿಲ್‌ಗೆ ಮುಂಚೆ ಆರು ತಿಂಗಳಿತ್ತು, ಹಳಬರ ಬಾಯಲ್ಲಿ ಇನ್ನೂ ಅದೇ.) ಆಮೇಲೂ ದುಡ್ಡಿಲ್ಲದೆ ವಾಪಸ್ಸಾದರೆ 30 ದಿನದೊಳಗೆ ನೋಟಿಸು, ಅದು ತಲುಪಿ 15 ದಿನ ಗಡುವು, ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟು. ತಾರೀಖನ್ನು ನೀವೇ ತಿದ್ದಿದಿರೋ, ಚೆಕ್ಕೇ ಕೆಟ್ಟಿತು. ಹೊಸದು ಬರೆಸಿಕೊಳ್ಳಿ.

ಇಂಗ್ಲಿಷಿನ ಇದೇ ಕ್ರಿಯಾಪದಕ್ಕೆ ಇನ್ನೊಂದು ಅರ್ಥವಿದೆ: ಒಂದಕ್ಕಿಂತ ಆಮೇಲೆ ಬಂದದ್ದು. ಅಲ್ಲಿ ಯಾರೂ ಏನನ್ನೂ ಬರೆಯುವುದಿಲ್ಲ. ಊರೊಳಗಿನ ಕೋಲಾರಮ್ಮನ ಗುಡಿಯಲ್ಲಿ ಚೋಳರ ಶಾಸನಗಳಿವೆ. ಹತ್ತಿರದ ಸೋಮೇಶ್ವರ ದೇವಸ್ಥಾನ ವಿಜಯನಗರ ಕಾಲದ್ದು. ‘ಸೋಮೇಶ್ವರ ಕೋಲಾರಮ್ಮನ ಗುಡಿಯನ್ನು ಪೋಸ್ಟ್‌ಡೇಟ್ ಮಾಡುತ್ತದೆ’ ಅಂತ ಬರೆದರೆ ದೇವರೇ ಚೆಕ್ ಬರೆದ ಹಾಗಿರುತ್ತದೆ. ನಮ್ಮಲ್ಲಿ ‘ಈಚಿನದು’ ಅನ್ನುವ ಪುಟ್ಟ ಪದವಿದೆ: ಸೋಮೇಶ್ವರ ಕೋಲಾರಮ್ಮನ ಗುಡಿಗಿಂತ ಈಚಿನದು.

ಜಮೀನಿನ ಕಾಗದ ನೋಡುವವರಿಗೂ ಈ ಎರಡನೆಯ ಅರ್ಥವೇ ಬೇಕು. ಕರಾರಿನಲ್ಲಿ ಮಾರ್ಚ್ 3 ಅಂತಿದ್ದು, ಸ್ಟಾಂಪ್ ಪೇಪರ್ ಕೊಂಡ ತಾರೀಖು ಮಾರ್ಚ್ 18 ಆಗಿದ್ದರೆ, ಪೇಪರು ಕರಾರಿಗಿಂತ ಈಚಿನದು. ಹಿಂದಿನ ತಾರೀಖು ಹಾಕಿದ್ದು ಅಲ್ಲೇ ಸಿಕ್ಕಿಬೀಳುತ್ತದೆ.