ತಲುಪುವವರೆಗೆ ಮೌನ

ಪುಣೆಯ ನಮ್ಮ ಕನ್ನಡ ಬಳಗದಲ್ಲಿ ಧಾರವಾಡದ ಕಡೆಯ ನಿವೃತ್ತ ವಿಜ್ಞಾನ ಮಾಸ್ತರರೊಬ್ಬರಿದ್ದಾರೆ. ಎಂಆರ್‌ಎನ್‌ಎ, ಅಂದರೆ ಪ್ರೋಟೀನ್ ತಯಾರಿಸುವ ಸೂಚನೆ ಹೊತ್ತ ಅಣು, ಜೀವಕೋಶದೊಳಗೆ ಹೇಗೆ ಸಾಗುತ್ತದೆ ಎಂಬುದೇ ನನ್ನ ಕೆಲಸದ ವಿಷಯ ಎಂದು ತಿಳಿದ ಮೇಲೆ ಅವರು ಕೇಳಿದರು: “ಜೀವಕೋಶದ ಒಂದು ಮೂಲ್ಯಾಗ ಪ್ರೋಟೀನ್ ಬೇಕಾದ್ರ ಪ್ರೋಟೀನನ್ನ ಕಳಿಸಿದ್ರ ಆತಲ್ಲ, ಎಂಆರ್‌ಎನ್‌ಎ ಯಾಕ ಹೊತ್ಕೊಂಡು ಹೋಗಬೇಕ್ರೀ?” ಒಂದೇ ಎಂಆರ್‌ಎನ್‌ಎಯಿಂದ ಹಲವು ಪ್ರೋಟೀನ್ ಅಣುಗಳು ತಯಾರಾಗುವುದರಿಂದ ಸಾಗಣೆಯ ಖರ್ಚು ಉಳಿಯುತ್ತದೆ ಎಂಬುದು ಸಿದ್ಧ ಉತ್ತರ. ಅದು ನಿಜವೇ, ಆದರೆ ನನ್ನ ದೃಷ್ಟಿಯಲ್ಲಿ ಸಣ್ಣ ಕಾರಣ.

ಪುಣೆಯ ಪಾಷಾಣ್ ಬಡಾವಣೆಯ ಪ್ರಯೋಗಾಲಯದಲ್ಲಿ ನಾನು ನೋಡುವುದು ಹಣ್ಣುನೊಣದ ಮೊಟ್ಟೆಗಳನ್ನು. ಸೇಬಿನ ರಸ ಬೆರೆಸಿದ ಅಗರ್ ತಟ್ಟೆಯ ಮೇಲೆ ಆಗಷ್ಟೇ ಇಟ್ಟ, ಅರ್ಧ ಮಿಲಿಮೀಟರ್ ಉದ್ದದ ಮೊಟ್ಟೆಗಳನ್ನು ಕುಂಚದಿಂದ ಎತ್ತಿ, ಬ್ಲೀಚಿನಲ್ಲಿ ಹೊರಪೊರೆ ಕಳೆದು, ಬೇಕಾದ ಎಂಆರ್‌ಎನ್‌ಎಗೆ ಮಾತ್ರ ಅಂಟುವ ಹೊಳೆಯುವ ಎಳೆಗಳನ್ನು ಸೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬೈಕಾಯ್ಡ್ ಎಂಬ ಎಂಆರ್‌ಎನ್‌ಎ ಮುಂದಿನ ತುದಿಯಲ್ಲೂ ಆಸ್ಕರ್ ಎಂಬುದು ಹಿಂದಿನ ತುದಿಯಲ್ಲೂ ದಟ್ಟವಾಗಿ ಕಾಣುತ್ತವೆ. ಇವುಗಳ ವಿಳಾಸ ಮುಖ್ಯವಾಗಿ ಬರೆದಿರುವುದು ಎಂಆರ್‌ಎನ್‌ಎಯ ಕೊನೆಯ, ಪ್ರೋಟೀನಾಗದ ಭಾಗದಲ್ಲಿ. ಅದನ್ನು ಗುರುತಿಸುವ ಪ್ರೋಟೀನುಗಳು ಬೈಕಾಯ್ಡನ್ನು ಡೈನೀನ್ ಎಂಬ, ಕೋಶದೊಳಗೆ ಸರಕು ಸಾಗಿಸುವ ಮೋಟಾರ್ ಪ್ರೋಟೀನಿಗೂ ಆಸ್ಕರನ್ನು ಕೈನೆಸಿನ್ ಎಂಬ ಇನ್ನೊಂದಕ್ಕೂ ಜೋಡಿಸುತ್ತವೆ.

ನಾನೋಸ್ ಎಂಬ ಇನ್ನೊಂದು ಎಂಆರ್‌ಎನ್‌ಎಯ ರೀತಿಯೇ ಬೇರೆ. ಅಂಡಾಣು ಬೆಳೆಯುವ ಕೊನೆಯ ಹಂತದಲ್ಲಿ ಕೋಶರಸ ಸುಳಿಯಾಡುವಾಗ ಅದು ಎಲ್ಲೆಡೆ ಹರಡಿ, ಹಿಂದಿನ ತುದಿಗೆ ಬಂದಷ್ಟು ಮಾತ್ರ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಅದೂ ಒಟ್ಟಿನ ಸುಮಾರು 4 ಪ್ರತಿಶತ. ಮೊದಲ ಬಾರಿ ಈ ಅಂಕಿ ಓದಿದಾಗ ಇಂಥ ದುಂದುವೆಚ್ಚವೇ ಎನ್ನಿಸಿತ್ತು. ಆದರೆ ಉಳಿದದ್ದು ಕೆಲಸ ಮಾಡುವುದಿಲ್ಲ: ಭ್ರೂಣದಲ್ಲಿ ಸ್ಮಾಗ್ ಎಂಬ ಪ್ರೋಟೀನ್ ಅದಕ್ಕೆ ಅಂಟಿಕೊಂಡು ಅನುವಾದವನ್ನು, ಅಂದರೆ ಅದರಿಂದ ಪ್ರೋಟೀನ್ ತಯಾರಾಗುವುದನ್ನು, ತಡೆಯುತ್ತದೆ, ಬಳಿಕ ಅದು ನಾಶವಾಗುವಂತೆಯೂ ಮಾಡುತ್ತದೆ. ಮುಂಭಾಗದಲ್ಲಿ ನಾನೋಸ್ ಪ್ರೋಟೀನ್ ತಯಾರಾದರೆ ತಲೆಯ ಬೆಳವಣಿಗೆಯೇ ಕೆಡುತ್ತದೆ. ಪ್ರೋಟೀನನ್ನೇ ಮೊದಲು ತಯಾರಿಸಿ ಕಳಿಸಿದ್ದರೆ, ಅದು ದಾರಿಯುದ್ದಕ್ಕೂ ತನ್ನ ಕೆಲಸ ಮಾಡುತ್ತಲೇ ಹೋಗುತ್ತಿತ್ತು. ಎಂಆರ್‌ಎನ್‌ಎಯನ್ನಾದರೋ ಬಾಯಿ ಮುಚ್ಚಿಸಿ ಒಯ್ಯಬಹುದು.

ತಪ್ಪು ಜಾಗದಲ್ಲಿ ಪ್ರೋಟೀನ್ ತಯಾರಾದರೆ ಏನಾಗುತ್ತದೆ ಎಂಬುದಕ್ಕೆ ಮಾಸ್ತರರಿಗೆ ನಾನು ಕೊಟ್ಟ ಸಾಕ್ಷ್ಯ 1992ರದು. ವಿಜ್ಞಾನಿಗಳಾದ ಆನ್ ಎಫ್ರೂಸಿ ಮತ್ತು ರುತ್ ಲೇಮನ್ ಅವರು ಆಸ್ಕರ್‌ನ ಪ್ರೋಟೀನ್ ಸಂಕೇತವನ್ನು ಹಾಗೆಯೇ ಇಟ್ಟುಕೊಂಡು, ಅದರ ಕೊನೆಗೆ ಬೈಕಾಯ್ಡ್‌ನ ವಿಳಾಸವನ್ನು ಜೋಡಿಸಿದರು. ಎಂಆರ್‌ಎನ್‌ಎ ಮುಂದಿನ ತುದಿಗೆ ಹೋಯಿತು. ತಲೆ ಬೆಳೆಯಬೇಕಾದ ಕಡೆ ಹೊಟ್ಟೆಯ ಭಾಗಗಳು ಮೂಡಿದವು, ಹಿಂದಿನ ತುದಿಯಲ್ಲಿ ಮಾತ್ರ ಹುಟ್ಟಬೇಕಾದ ಸಂತಾನಕೋಶಗಳು ಅಲ್ಲಿಯೂ ಹುಟ್ಟಿದವು.