ಭವಿಷ್ಯ ಗೊತ್ತಿಲ್ಲವೆಂದ ಮೇಲೆ ಈ ಕೆಲಸ ಏತಕ್ಕೆ?

ನಾನು ಇಂಧನ ಕ್ಷೇತ್ರದಲ್ಲಿ ಸಿನಾರಿಯೊ ಪ್ಲಾನಿಂಗ್ (ಭವಿಷ್ಯ ಹೇಗೆಲ್ಲ ಇರಬಹುದೆಂದು ನಂಬುವಂತಹ ಹಲವು ಕಥೆ ಬರೆದು ಯೋಜನೆಗೆ ನೆರವಾಗುವ ಕೆಲಸ) ಮಾಡುತ್ತೇನೆಂದು ತಿಳಿದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಸರ್, ಹತ್ತು ವರ್ಷದ ಮೇಲೆ ಏನಾಗುತ್ತದೆ ಎನ್ನುವುದು ನಿಮಗೂ ಗೊತ್ತಿಲ್ಲ. ಹಾಗಿದ್ದ ಮೇಲೆ ನಿಮಗೆ ಸಂಬಳ ಕೊಡುವುದು ಯಾತಕ್ಕೆ? ಇದನ್ನೇ ನಂಬಿ ವೃತ್ತಿ ಕಟ್ಟಿಕೊಳ್ಳಬಹುದೇ?” ಕಟ್ಟಿಕೊಳ್ಳಬಹುದು ಎಂದೇ ನನ್ನ ಉತ್ತರ. ನಿರ್ಧಾರ ಕೈಗೊಳ್ಳುವವರ ಮನಸ್ಸಿನಲ್ಲಿ ಬೇರೂರಿದ ಲೆಕ್ಕಾಚಾರವನ್ನು, ಅದು ಕೈಕೊಡುವ ಮೊದಲೇ ಅವರೆದುರಿಗೆ ಬಿಡಿಸಿಟ್ಟು ತೋರಿಸುವುದು ಈ ವೃತ್ತಿಯ ತಿರುಳು. ಸಂಬಳ ಸಿಗುವುದೂ ಅದಕ್ಕೇ.

ಉದ್ಯಮದಲ್ಲಿ ಈ ಕೆಲಸಕ್ಕೆ ಮನ್ನಣೆ ತಂದುಕೊಟ್ಟದ್ದು ತೈಲ ಕಂಪನಿ ಶೆಲ್. 1970ರ ದಶಕದ ಆರಂಭದಲ್ಲಿ ಅದರ ಲಂಡನ್ ಕಚೇರಿಯಲ್ಲಿ ಪಿಯರ್ ವ್ಯಾಕ್, ಟೆಡ್ ನ್ಯೂಲ್ಯಾಂಡ್ ಮತ್ತು ಅವರ ಸಂಗಡಿಗರು ತಯಾರಿಸಿದ ಮೊದಲ ಸಿನಾರಿಯೊಗಳು ಮ್ಯಾನೇಜರುಗಳಿಗೆ ಹಿಡಿಸಲಿಲ್ಲ. ಹೀಗೂ ಆಗಬಹುದು, ಹಾಗೂ ಆಗಬಹುದು ಎಂಬ ಮಾತಿನಿಂದ ಯಾರೂ ಏನನ್ನೂ ನಿರ್ಧರಿಸಲಾರರು. ಆಮೇಲೆ ಅವರು ತೈಲ ಮಾರುವ ದೇಶಗಳ ಜಾಗದಲ್ಲಿ ನಿಂತು ಯೋಚಿಸಿದರು. ಜಗತ್ತಿನ ಬೇಡಿಕೆ ಏರುತ್ತಲೇ ಇತ್ತು, ಅಮೆರಿಕದ ಉತ್ಪಾದನೆ 1970ರ ಹೊತ್ತಿಗೆ ಶಿಖರ ಮುಟ್ಟಿ ಇಳಿಮುಖವಾಗಿತ್ತು, ಇನ್ನು ಹೆಚ್ಚಿಗೆ ಬೇಕಾದ ತೈಲ ಮುಖ್ಯವಾಗಿ ಪಶ್ಚಿಮ ಏಷ್ಯಾದಿಂದಲೇ ಬರಬೇಕಿತ್ತು. ಆದರೆ ಸೌದಿ ಅರೇಬಿಯಾದಂತಹ, ಜನಸಂಖ್ಯೆ ಕಡಿಮೆಯಿದ್ದು ಬಂದ ಹಣವನ್ನೆಲ್ಲ ಖರ್ಚು ಮಾಡಲು ದಾರಿಯಿಲ್ಲದ ದೇಶ, ಅಗ್ಗದ ದರಕ್ಕೆ ತೈಲ ಮಾರಿ ಡಾಲರನ್ನು ಬ್ಯಾಂಕಿನಲ್ಲಿಡುವುದಕ್ಕಿಂತ ತೈಲವನ್ನು ನೆಲದೊಳಗೇ ಬಿಟ್ಟರೆ ಲಾಭವೆಂದು ಭಾವಿಸುವುದು ಸಹಜ. ಇರಾನಿಗೆ ಹಣದ ಅಗತ್ಯವಿತ್ತು, ಆದರೆ ಅದರ ನಿಕ್ಷೇಪಕ್ಕೆ ಮಿತಿಯಿದ್ದುದರಿಂದ ಅದೂ ಬಯಸುವುದು ಹೆಚ್ಚಿನ ದರವನ್ನೇ. ಅಂದರೆ ಯಾರ ಕಡೆಯಿಂದ ನೋಡಿದರೂ ಅಗ್ಗದ ತೈಲದ ಕಾಲ ಮುಗಿಯುತ್ತಿತ್ತು. 1973ರ ಅಕ್ಟೋಬರಿನ ಅರಬ್-ಇಸ್ರೇಲ್ ಯುದ್ಧವನ್ನು ಅವರು ಮೊದಲೇ ಹೇಳಿರಲಿಲ್ಲ. ಆದರೆ ಬ್ಯಾರಲ್ಲಿಗೆ ಸುಮಾರು 3 ಡಾಲರ್ ಇದ್ದ ದರ 1974ರ ಜನವರಿಯ ಹೊತ್ತಿಗೆ 12 ಡಾಲರಿನ ಹತ್ತಿರ ಬಂದಾಗ, ಅಂಥದ್ದೊಂದು ಜಗತ್ತಿನ ಬಗ್ಗೆ ಶೆಲ್‌ನ ಮ್ಯಾನೇಜರುಗಳು ಆಗಲೇ ಚರ್ಚಿಸಿದ್ದರು.

ವ್ಯಾಕ್ ಕೊಡುತ್ತಿದ್ದ ಒಂದು ಉದಾಹರಣೆ ನಮ್ಮ ಗಂಗೆಯದು. ಮೇಲಿನ ಕಣಿವೆಯಲ್ಲಿ ಭಾರಿ ಮಳೆಯಾಯಿತೆಂದರೆ ಮೊದಲು ಹೃಷಿಕೇಶಕ್ಕೆ, ಆಮೇಲೆ ಅಲಹಾಬಾದಿಗೆ, ಅದಾದ ಮೇಲೆ ಕಾಶಿಗೆ ನೀರು ಏರಲೇಬೇಕು. ಅದು ಊಹೆಯಲ್ಲ, ಆಗಲೇ ನಡೆದುಹೋದ ಘಟನೆಯ ಮುಂದಿನ ಭಾಗ. ಇಂಥ ಖಚಿತ ಸಂಗತಿಗಳನ್ನು ನಿಜವಾದ ಅನಿಶ್ಚಿತತೆಯಿಂದ ಬೇರ್ಪಡಿಸುವುದೇ ಈ ವಿದ್ಯೆಯ ಅರ್ಧ ಭಾಗವೆಂದು ನನ್ನ ಅಭಿಪ್ರಾಯ.

ಕರ್ನಾಟಕದಲ್ಲಿ ಆ ಖಚಿತ ಸಂಗತಿ ಲಿಂಗನಮಕ್ಕಿಯಲ್ಲೂ ಸೂಪಾದಲ್ಲೂ ಕಣ್ಣೆದುರೇ ಇರುತ್ತದೆ. ಮುಂಗಾರು ಮುಗಿದಾಗ ಜಲಾಶಯದಲ್ಲಿ ಎಷ್ಟು ನೀರಿದೆಯೋ ಹೆಚ್ಚುಕಡಿಮೆ ಅಷ್ಟರಲ್ಲೇ ಮುಂದಿನ ಬೇಸಿಗೆಯವರೆಗೆ ಶರಾವತಿ, ಕಾಳಿಯ ವಿದ್ಯುತ್ತು ಬರಬೇಕು. ಹೀಗಿದ್ದರೂ ನಾನು ನೋಡಿದ ಬಹುತೇಕ ಯೋಜನಾ ಸಭೆಗಳಲ್ಲಿ ಮೇಜಿನ ಮೇಲೆ ಬರುವುದು ಒಂದೇ ಬಗೆಯ ಎಕ್ಸೆಲ್ ಹಾಳೆ: ಬೇಡಿಕೆಗೆ ಹೈ, ಮೀಡಿಯಂ, ಲೋ ಎಂದು ಮೂರು ಕಾಲಂ, ಜಲವಿದ್ಯುತ್ತಿಗೆ ಬೇರೆಯೇ ಮೂರು ಕಾಲಂ. ಸಭೆಯಲ್ಲಿದ್ದವರೆಲ್ಲ ಎರಡರಲ್ಲೂ ನಡುವಿನದನ್ನು ಆರಿಸಿಕೊಂಡು ನಿಶ್ಚಿಂತೆಯಿಂದ ಏಳುತ್ತಾರೆ. ಈ ಕಾರಣಕ್ಕಾಗಿಯೇ ಅನೇಕ ಅನುಭವಸ್ಥರು ಮೂರು ಸಿನಾರಿಯೊ ಮಾಡಲು ಹಿಂಜರಿಯುತ್ತಾರೆ. ಎರಡು ಮಾಡುತ್ತಾರೆ, ಇಲ್ಲವೇ ನಾಲ್ಕು.

ಆ ಹಾಳೆಯ ದೊಡ್ಡ ದೋಷವನ್ನು 2023 ತೋರಿಸಿಕೊಟ್ಟಿತು. 1901ರಿಂದೀಚೆಗೆ ದೇಶದಲ್ಲಿ ಅಷ್ಟು ಕಡಿಮೆ ಮಳೆಯ ಆಗಸ್ಟ್ ತಿಂಗಳು ಬಂದಿರಲಿಲ್ಲ. ಮಳೆಗಾಲದಲ್ಲಿ ಸುಮ್ಮನಿರಬೇಕಾದ ನಮ್ಮ ರೈತರ ಪಂಪ್‌ಸೆಟ್ಟುಗಳು ಒಣಗುವ ಬೆಳೆಯನ್ನು ಉಳಿಸಿಕೊಳ್ಳಲು ಓಡತೊಡಗಿದವು, ಅದೇ ಹೊತ್ತಿಗೆ ಜಲಾಶಯಗಳು ತುಂಬದೆ ಉಳಿದವು. ಬೇಡಿಕೆ ಏರಿದ್ದಕ್ಕೂ ಪೂರೈಕೆ ಕುಸಿದದ್ದಕ್ಕೂ ಕಾರಣ ಒಂದೇ, ಮಳೆ ಬಾರದಿರುವುದು. ಎರಡು ಬೇರೆ ಕಾಲಂಗಳಲ್ಲಿ ಬರೆದಿಟ್ಟ ಸಂಖ್ಯೆಗಳು ಒಂದೇ ದಾರದಿಂದ ಕಟ್ಟಲ್ಪಟ್ಟಿವೆ ಎಂಬುದನ್ನು ಆ ಹಾಳೆ ಹೇಳುವುದಿಲ್ಲ, ‘ಮಳೆ ಬಾರದ ವರ್ಷ’ ಎಂದು ಎರಡು ಪುಟದ ಕಥೆ ಬರೆದರೆ ಅದು ಹೇಳುತ್ತದೆ. ಅಕ್ಟೋಬರಿನಲ್ಲಿ ಸರ್ಕಾರ 2003ರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದ ಖಾಸಗಿ ಉತ್ಪಾದಕರು ಇಲ್ಲಿನ ಗ್ರಿಡ್ಡಿಗೇ ವಿದ್ಯುತ್ ಕೊಡಬೇಕೆಂದು ಆದೇಶಿಸಬೇಕಾಯಿತು. ಪಾವಗಡದಲ್ಲಿ 2050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ ನಿಜ, ಆದರೆ ಸಂಜೆ ಏಳರ ಬೇಡಿಕೆಗೆ ಅದು ಒದಗುವುದಿಲ್ಲ.

ಏನು ಓದಬೇಕು ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಎಂಜಿನಿಯರಿಂಗ್, ಅರ್ಥಶಾಸ್ತ್ರ, ಭೂಗೋಳ, ಯಾವುದಾದರೂ ನಡೆಯುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಆಪ್ಟಿಮೈಸೇಶನ್ ಮಾದರಿಗಳು (ಇರುವ ಮಿತಿಗಳೊಳಗೆ ಅತ್ಯುತ್ತಮ ಆಯ್ಕೆಯನ್ನು ಹುಡುಕುವ ಗಣಿತದ ಲೆಕ್ಕ) ಬರಬೇಕು. ಕೆಲಸ ತೈಲ ಕಂಪನಿಗಳಲ್ಲಿದೆ, ಕನ್ಸಲ್ಟೆನ್ಸಿಗಳಲ್ಲಿದೆ, ಬೆಂಗಳೂರಿನ ಸಿಸ್ಟೆಪ್‌ (CSTEP) ನಂತಹ ಅಧ್ಯಯನ ಸಂಸ್ಥೆಗಳಲ್ಲಿದೆ. ಕಲಿಯಲು ಕಷ್ಟವಾದದ್ದು ಮತ್ತೊಂದಿದೆ: ಮೂವತ್ತು ವರ್ಷ ಸರ್ವಿಸ್ ಆದ ಹಿರಿಯ ಎಂಜಿನಿಯರರ ಎದುರು ಕೂತು ಅವರು ಯಾವುದಕ್ಕೆ ಹೆದರುತ್ತಾರೆ, ಯಾವುದನ್ನು ಎಂದೂ ಪ್ರಶ್ನಿಸಿಲ್ಲ ಎಂಬುದನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುವುದು. ಅವರ ಚಿಂತೆಗೆ ಸಂಬಂಧಪಡದ ಸಿನಾರಿಯೊ ಎಷ್ಟೇ ಚೆನ್ನಾಗಿದ್ದರೂ ಕಪಾಟು ಸೇರುತ್ತದೆ. ಇನ್ನೊಂದನ್ನೂ ಮೊದಲೇ ತಿಳಿದಿರಬೇಕು: ನಿಮ್ಮ ಮಾತು ಕೇಳಿ ಒಂದು ಸಂಸ್ಥೆ ಬೇಡದ ಸ್ಥಾವರಕ್ಕೆ 25 ವರ್ಷದ ವಿದ್ಯುತ್ ಖರೀದಿ ಒಪ್ಪಂದ ಮಾಡಿಕೊಳ್ಳದೆ ಉಳಿದರೆ, ಆ ಉಳಿತಾಯ ಯಾವ ಲೆಕ್ಕಪತ್ರದಲ್ಲೂ ನಿಮ್ಮ ಹೆಸರಿನಲ್ಲಿ ಕಾಣಿಸುವುದಿಲ್ಲ. ಇದನ್ನು ಸಹಿಸಲಾರದವರು ಬೇರೆ ಕೆಲಸ ಹುಡುಕಿಕೊಳ್ಳುವುದು ಒಳ್ಳೆಯದು.

ಮನಸ್ಸು ಗಟ್ಟಿಯಿದ್ದವರಿಗೆ ನಾನು ಹೇಳುವುದಿಷ್ಟು. ರಾಜ್ಯದ ಜಲಾಶಯಗಳ ದೈನಂದಿನ ಮಟ್ಟವನ್ನು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರಕಟಿಸುತ್ತದೆ. ಅದನ್ನೂ ವಿದ್ಯುತ್ ಬೇಡಿಕೆಯ ಅಂಕಿಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು, ಮುಂದಿನ ಐದು ವರ್ಷದ ಬಗ್ಗೆ ಒಂದಕ್ಕೊಂದು ಹೋಲದ ಎರಡು ಕಥೆ ಬರೆಯಿರಿ, ಎರಡೂ ನಂಬುವಂತಿರಲಿ. ಯಾವ ಕೋರ್ಸ್, ಎಷ್ಟು ಸಂಬಳ ಎಂಬುದನ್ನು ಆ ಬರಹ ಓದಿದ ಮೇಲೆ ಮಾತನಾಡೋಣ.