ಪಡಸಾಲೆಯಲ್ಲೊಂದು ಹಿಮಾಲಯ

ಗದಗಿನ ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ದಿನದಿಂದ ಹಿಮಾಲಯ ಬಂದು ಕೂತಿದೆ. ಎರಡು ಸ್ಟೂಲು, ನಡುವೆ ಒಂದು ಮೊಳ ಸಂದು. ಆರನೇ ಕ್ಲಾಸಿನ ಮಗಳಿಗೆ ಶಾಲೆಯಲ್ಲಿ ಪರ್ವತಾರೋಹಣದ ಪಾಠ ನಡೆದಿದೆ. ಎವರೆಸ್ಟ್ ಹಾದಿಯಲ್ಲಿ ಖುಂಬು ಹಿಮನದಿಯ ಬಿರುಕುಗಳ ಮೇಲೆ ಅಲ್ಯೂಮಿನಿಯಂ ಏಣಿ ಹಾಸಿ ದಾಟುತ್ತಾರಲ್ಲ, ಅಂಥದ್ದೊಂದು ಮಾಡಿ ತರಬೇಕಂತೆ. ಒಂದು ಕಿಲೋ ಭಾರ ತಡೆಯಬೇಕು.

ಕಸಬರಿಗೆ ಕಡ್ಡಿ, ಸುತಳಿಯಿಂದ ಏಣಿ ಕಟ್ಟಿ ತೊಗರಿಬೇಳೆ ಪ್ಯಾಕೆಟ್ ಇಟ್ಟಳು. ಲಟಕ್! ಸರಿಯಾಗಿ ನಡುವೆಯೇ ಮುರಿಯಿತು. ಕಡ್ಡಿ ಜಾಸ್ತಿ ಹಾಕು ಅಂದೆ. ಅವಳು ಕೇಳಲಿಲ್ಲ, ಒಳ್ಳೆಯದೇ ಆಯಿತು. ಕೆಳಗೆ ಓರೆ ಕಡ್ಡಿ ಕಟ್ಟಿ ಸಾಲಾಗಿ ತ್ರಿಕೋನ ಮಾಡಿದಳು. ಚೌಕ ಒತ್ತಿದರೆ ವಾಲುತ್ತದೆ, ತ್ರಿಕೋನ ಸುಮ್ನೆ ವಾಲುವುದಿಲ್ಲ. ಮೂರನೇ ಸಲಕ್ಕೆ ಬೇಳೆ ನಿಂತಿತು.

ಅದೇ ಪಾಠದಲ್ಲಿ ಪದಗಳ ಬೇರು ಹುಡುಕುವ ಕೆಲಸವೂ ಇದೆ. ಆರೋಹಣದ ಬೇರು ಸಂಸ್ಕೃತದ ‘ರುಹ್’. ಏರು, ಬೆಳೆ ಅಂತ ಅರ್ಥ. ನೆಲದಿಂದ ಬೆಳೆದ ಮರ ಮಹೀರುಹ, ಸರೋವರದ ತಾವರೆ ಸರೋರುಹ.

“ಅಪ್ಪಾ, ಹಂಗಾದ್ರ ಸಂಗೀತದ ಆರೋಹ, ಅವರೋಹಾನೂ ಇದ ಬೇರಿಂದಲ್ಲೇನು?”

ಹೌದಲ್ವಾ! ಭೀಮಸೇನ ಜೋಶಿಯವರು ಹುಟ್ಟಿದ ಜಿಲ್ಲೆಯಲ್ಲಿದ್ದು, ಇಷ್ಟು ವರ್ಷ ಆ ಪದ ಕೇಳಿಯೂ ಅದರೊಳಗಿನ ಏಣಿ ನನಗೆ ಕಂಡಿರಲಿಲ್ಲ.

ಈಗ ಭಾನುವಾರ ಕಪ್ಪತಗುಡ್ಡ ಹತ್ತಲೇಬೇಕೆಂದು ಹಟ. ನನ್ನ ಮೊಣಕಾಲಿಗೆ ಅವರೋಹದ್ದೇ ಚಿಂತೆ. ಬೇಳೆ ಇನ್ನೂ ಏಣಿ ಮೇಲೇ ಇದೆ, ಸಾರಿಗೆ ಬೇಕು ಅಂತ ಅಡುಗೆಮನೆಯಿಂದ ಕೂಗು.